ಸಂಗಪ್ಪ ಮೇಸ್ತ್ರಿ ಬೇಡವೆಂದ ಬಾಟಲಿ

ಸಂಗಪ್ಪ ಮೇಸ್ತ್ರಿ ತನ್ನ ಎರಡು ಕಾಲ್ಮರಿಗಳನ್ನು ಎಂದೂ ಒಂದೇ ಕಡೆ ಬಿಟ್ಟವನಲ್ಲ. ಸಿದ್ಧೇಶ್ವರ ಗುಡಿಗೆ ಬಂದರೆ ಬಲಗಾಲಿನ ಚಪ್ಪಲಿಯನ್ನು ಹೂವಿನವಳ ಕಟ್ಟೆಯ ಕೆಳಗೆ ತಳ್ಳುತ್ತಿದ್ದ. ಅಲ್ಲಿಂದ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಹೋಗಿ ಎಡಗಾಲಿನದನ್ನು ಬೇವಿನ ಗಿಡದ ಆಚೆ ಬಿಟ್ಟು, ಎರಡು ಸಲ ತಿರುಗಿ ನೋಡಿ ಒಳಗೆ ನಡೆಯುತ್ತಿದ್ದ. ಮೊದಲ ಸಲ ಕಂಡಾಗ ಕಾಲಿಗೆ ಮುಳ್ಳು ಚುಚ್ಚಿರಬೇಕೆಂದು ಕೇಳಿದೆ. "ಮುಳ್ಳೂ ಇಲ್ಲ ಗಿಳ್ಳೂ ಇಲ್ಲ. ಒಂದ ಕಾಲ್ಮರಿ ಯಾವ ಕಳ್ಳ ಒಯ್ತಾನೋ ತಮ್ಮಾ? ಜೋಡಿ ಕಂಡ್ರ ಸನ್ಯಾಸಿಗೂ ಆಸೆ ಹುಟ್ಟತೈತಿ" ಅಂದ. ಗುಡಿಯಿಂದ ಹೊರಬಂದ ಮೇಲೆ ಯಾವುದನ್ನು ಎಲ್ಲಿ ಬಿಟ್ಟೆನೆಂದು ತಾನೇ ಮರೆತು ಅರ್ಧ ತಾಸು ಹುಡುಕಿದ್ದನ್ನೂ ನಾನು ನೋಡಿದ್ದೇನೆ.

ವಿಜಯಪುರವನ್ನು ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು. ಗುಡಿಯ ಹಿಂದಿನ ಓಣಿ ಮುಗಿಯುವಲ್ಲಿ, ಒಂದು ಹುಣಸೆ ಮರದ ಮಗ್ಗುಲಿಗೆ ಅವನ ತಗಡಿನ ಶೆಡ್ಡು. ಡೀಸೆಲ್ ಗಾಡಿಗಳು ಊರಿಗೆ ಇನ್ನೂ ಹೊಸವು, ಅವುಗಳ ಹೊಟ್ಟೆನೋವು ತಿಳಿದವರು ಕಡಿಮೆ. ಮೇಸ್ತ್ರಿ ಎಡಗೈಯ ಕಿರುಬೆರಳಿನ ಉಗುರನ್ನು ಬೆಳೆಸಿದ್ದ. ಯಾವ ಗಾಡಿ ಬಂದರೂ ಮೊದಲು ಆ ಉಗುರನ್ನು ಡೀಸೆಲ್ಲಿನಲ್ಲಿ ಅದ್ದಿ ಬಿಸಿಲಿಗೆ ಹಿಡಿಯುವುದು, ಮೂಗಿನ ಹತ್ತಿರ ತರುವುದು, ಹೆಬ್ಬೆರಳಿಗೆ ತಿಕ್ಕುವುದು, ಆಮೇಲೆ ಹಳೆಯ ಪೇಪರಿನ ಮೇಲೆ ಒಂದು ಹನಿ ಬಿಟ್ಟು ನೆರಳಿನಲ್ಲಿಡುವುದು. ಹನಿ ಹರಡಿ ನಿಲ್ಲುವವರೆಗೆ ಯಾರು ಏನು ಕೇಳಿದರೂ ಉತ್ತರವಿಲ್ಲ. ಕಡೆಗೆ ತೀರ್ಪು ಒಂದೇ: "ಬೆರಸ್ಯಾರ." ಏನು ಬೆರೆಸಿದ್ದಾರೆ, ಯಾರು ಬೆರೆಸಿದ್ದಾರೆ ಎಂಬುದು ಆಮೇಲಿನ ಮಾತು.

ಹೋಟೆಲ್ಲಿನ ಚಹಾವನ್ನು ಬಸಿಗೆ ಸುರಿದು ಅದನ್ನೂ ಹೀಗೇ ಬೆಳಕಿಗೆ ಹಿಡಿಯುತ್ತಿದ್ದ. ಬದನೆಕಾಯಿ ಕೊಳ್ಳುವಾಗ ಒಂದನ್ನು ಮುರಿಯದೆ ಬಿಡುತ್ತಿರಲಿಲ್ಲ. ಗಾಡಿ ಯಾಕೆ ಕೆಟ್ಟಿತೆಂದು ಮಾಲೀಕ ಹೇಳಹೊರಟರೆ ಕೈಯೆತ್ತಿ ತಡೆದು, "ನೀ ಸುಮ್ಮ ಕುಂಡ್ರಪಾ. ಇಂಜಿನ್ ಸುಳ್ಳ ಹೇಳೂದಿಲ್ಲ, ಮಾಲಕ ಹೇಳ್ತಾನ" ಎನ್ನುತ್ತಿದ್ದ. ಈ ಮಾತನ್ನು ನಾನು ನೂರು ಸಲವಾದರೂ ಕೇಳಿರಬೇಕು. ಕೇಳಿದಾಗಲೆಲ್ಲ ಬೇರೆ ಮಾಲೀಕರ ಮುಖ ನೋಡಿ ಒಳಗೊಳಗೇ ನಗುತ್ತಿದ್ದೆ.

ನಮ್ಮದು ತಿಕೋಟಾ. ಅಪ್ಪ ತೀರಿಕೊಂಡ ಮೇಲೆ ನಾನು, ಅವ್ವ ಇಬ್ಬರೇ. ಒಕ್ಕಲುತನ ನನ್ನ ಕೈಗೆ ಹತ್ತಲಿಲ್ಲ. ಸೊಲ್ಲಾಪುರದ ಕಡೆ ಮಿಲಿಟರಿ ಹರಾಜಿನಲ್ಲಿ ಬಂದ ಒಂದು ಹಳೆಯ ಪಿಕಪ್ ಗಾಡಿ ಸಿಕ್ಕಿತು. ಅದರ ಪೆಟ್ರೋಲ್ ಇಂಜಿನ್ನು ಕುಡಿಯುತ್ತಿದ್ದ ಪರಿ ನೋಡಿದರೆ ಕುಡುಕರೇ ವಾಸಿ. ಅದನ್ನು ಕಿತ್ತು ಹಳೆಯ ಡೀಸೆಲ್ ಇಂಜಿನ್ ಕೂಡಿಸಬಹುದೆಂದು ಹೇಳಿದವನು ಸಂಗಪ್ಪ ಮೇಸ್ತ್ರಿ, ಮಾಡಿ ತೋರಿಸಿದವನೂ ಅವನೇ. ಎರಡೂವರೆ ತಿಂಗಳು ಹಿಡಿಯಿತು. ದಸರೆಯ ಆಯುಧಪೂಜೆಗೆ, ಅಂದರೆ ನಮ್ಮ ಖಂಡೇಪೂಜೆಯ ದಿನ, ಗಾಡಿ ಮನೆಯ ಮುಂದೆ ನಿಲ್ಲಬೇಕೆಂದು ನಾನು ದಿನಾ ಹೋಗಿ ಅವನ ತಲೆಯ ಮೇಲೆ ಕೂರುತ್ತಿದ್ದೆ. ಹಬ್ಬದ ಹಿಂದಿನ ದಿನ ಗಾಡಿ ಕೈಗೆ ಕೊಟ್ಟ. ಆ ಹಳೆಯ ಪೆಟ್ರೋಲ್ ಟಾಕಿಯನ್ನೇ ಇಟ್ಟಿದ್ದೀರಲ್ಲ ಎಂದು ಕೇಳಿದ್ದಕ್ಕೆ, "ಸೋಡಾ ನೀರ ಕಾಸಿ, ಸಣ್ಣ ಖಡಿಕಲ್ಲ ಹಾಕಿ ಕುಲುಕಿ ತೊಳದೇನಿ. ಬೇಕಂದ್ರ ಅದರಾಗ ಅನ್ನಾ ಮಾಡ್ಕೊಂಡು ಉಣ್ಣು" ಅಂದ. ಊರೆಲ್ಲ ಸಂಶಯಪಡುವ ಮನುಷ್ಯನೇ ಇಷ್ಟು ಹೇಳಿದ ಮೇಲೆ ನಾನೇಕೆ ನೋಡಲಿ?

ಅಂದಿನಿಂದ ನಮ್ಮ ಬದುಕು ಆ ಗಾಡಿಯ ಮೇಲೆ. ನಸುಕಿನಲ್ಲಿ ತಿಕೋಟಾ ಬಿಟ್ಟು ಬಬಲೇಶ್ವರಕ್ಕೆ ಹೋಗಿ, ಅಲ್ಲಿಯ ರೈತರ ಬದನೆಕಾಯಿ, ಹಸಿಮೆಣಸಿನಕಾಯಿ ತುಂಬಿಕೊಂಡು, ಸಾರವಾಡದಲ್ಲಿ ಮೆಂತೆ ಪಲ್ಲೆ ಹಾಕಿಕೊಂಡು, ಬಿಸಿಲೇರುವ ಮುಂಚೆ ವಿಜಾಪುರದ ಬಜಾರಿಗೆ ಮುಟ್ಟಿಸುವುದು. ಬಿಸಿಲೇರುವ ಮುಂಚೆ ಎಂಬ ಆ ಮಾತಿಗಾಗಿಯೇ ಮಂದಿ ನನ್ನ ಗಾಡಿಗೆ ಬರುತ್ತಿದ್ದರು. ಬಾಡಿದ ಪಲ್ಲೆಯನ್ನು ದನಕ್ಕೆ ಹಾಕಬೇಕಷ್ಟೆ. ಎರಡು ಸಲ ತಡವಾದರೆ ಮೂರನೆಯ ಸಲ ಅವರು ಬೇರೆ ಗಾಡಿ ಹತ್ತುತ್ತಾರೆ, ನಾನು ಮತ್ತೆ ನೇಗಿಲು ಹಿಡಿಯಬೇಕಾಗುತ್ತದೆ.

ಗಾಡಿ ಓಡುತ್ತಿತ್ತು, ಆದರೆ ನೆಟ್ಟಗೆ ಓಡುತ್ತಿರಲಿಲ್ಲ. ಏರಿಗೆ ಬಂದರೆ ಕರಿ ಹೊಗೆ ಬಿಟ್ಟು ಏದುತ್ತಿತ್ತು. ತಿಂಗಳಿಗೊಮ್ಮೆ ಫಿಲ್ಟರು ಕಟ್ಟಿಕೊಳ್ಳುತ್ತಿತ್ತು. ಮೇಸ್ತ್ರಿ ಪ್ರತಿ ಸಲ ಉಗುರು ಅದ್ದಿ, ಹನಿ ಬಿಟ್ಟು, "ಪಂಪಿನಾಂವ ಬೆರಸ್ಯಾನ" ಎಂದು ಹೇಳಿ, ನಾಲ್ಕು ಪದರು ಧೋತರದ ಬಟ್ಟೆಯಲ್ಲಿ ಡೀಸೆಲ್ ಸೋಸಿ ಕೊಡುತ್ತಿದ್ದ. ಫಿಲ್ಟರು ತೊಳೆದಿದ್ದಕ್ಕೆ ಮಾತ್ರ ಎಂದೂ ಏನೂ ತೆಗೆದುಕೊಳ್ಳಲಿಲ್ಲ. ಸಂಶಯ ತುರಿಕಜ್ಜಿಯ ಹಾಗೆ, ಜೊತೆಗಿದ್ದವರಿಗೆ ಅಂಟುತ್ತದೆ. ಬಿಟ್ಟಿ ಕೆಲಸ ಮಾಡಿಕೊಡುತ್ತಾನೆಂದರೆ ಏನೋ ಇದೆ ಎಂದು ನನಗೂ ಅನಿಸತೊಡಗಿತ್ತು.

ಎರಡು ವರ್ಷ ಹೀಗೇ ಕಳೆದವು. ಎರಡನೆಯ ವರ್ಷದ ದಸರೆಗೆ ಎಂಟು ದಿನ ಮುಂಚೆ ಒಬ್ಬ ಮಾರಾಟಗಾರ ಮೇಸ್ತ್ರಿಯ ಶೆಡ್ಡಿಗೆ ಬಂದ. ಕರಿ ಟೋಪಿ, ಚರ್ಮದ ಚೀಲ, ಬಾಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ. ಚೀಲದಿಂದ ಕೆಂಪು ನೀರಿನ ಬಾಟಲಿ ತೆಗೆದು, "ಇಂಜಿನ್ನಿಗೆ ಟಾನಿಕ್ ಅದ ನೋಡ್ರಿ ಮಾಲಕ್. ಹತ್ತ ಗ್ಯಾಲನ್ನಿಗೆ ಒಂದ ಮುಚ್ಚಳ ಹಾಕ್ರಿ. ಹೊಗಿ ಬಂದ್, ತಾಕತ್ ಚಾಲೂ" ಅಂದ. ಮೇಸ್ತ್ರಿ ಬಾಟಲಿಗಿಂತ ಮೊದಲು ಆ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದ.

"ನಿನ್ನ ಗಾಡಿಗೆ ಹಾಕೀಯೇನು?"

"ನನ್ನ ಗಾಡಿ ಎಲ್ಲಿ ಬಂತ್ರಿ? ನಾ ಬಸ್ಸಿನ್ಯಾಗ ಬರ್ತೇನಿ."

"ಬಸ್ಸಿನಾಂವ ಹಾಕ್ಯಾನೇನು?"

ಸೇರಿದ ಮಂದಿ ನಕ್ಕರು. ಮಾರಾಟಗಾರ ಹೆದರುವವನಲ್ಲ. ಒಂದು ಗಾಜಿನ ಲೋಟಕ್ಕೆ ಕೆಂಪು ನೀರು ಹಾಕಿ, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ, ಎಣ್ಣೆ ಜಿಡ್ಡು ಕಟ್ಟಿ ಕಪ್ಪಾಗಿದ್ದ ಬೋಲ್ಟೊಂದನ್ನು ಅದರಲ್ಲಿ ಮುಳುಗಿಸಿದ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಜಿಡ್ಡೆಲ್ಲ ಬಿಟ್ಟು ಲೋಟದ ತಳಕ್ಕೆ ಬಿತ್ತು, ಬೋಲ್ಟು ಬೆಳ್ಳಗೆ ಹೊರಬಂತು. ಎಲ್ಲರೂ ಬೋಲ್ಟು ನೋಡುತ್ತಿದ್ದರು. ಮೇಸ್ತ್ರಿ ಲೋಟದ ತಳ ನೋಡುತ್ತಿದ್ದ. ಅವನ ಮುಖ ಇಳಿದುಹೋಗಿತ್ತು.

ಲಾರಿಯವನೊಬ್ಬ ಹಾಕಲೇ ಎಂದು ಕೇಳಿದ. "ಹಾಕ್ಕೋಳಪಾ, ನಿನ್ನ ಗಾಡಿ" ಅಂದ ಮೇಸ್ತ್ರಿ. ನಾನು ಕೇಳಿದಾಗ ಮಾತ್ರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಕುಕ್ಕಿದ. "ನಿನ್ನ ಗಾಡಿಗೆ ಬ್ಯಾಡ ಅಂದ್ರ ಬ್ಯಾಡ! ಒಂದ ಹನಿ ಬಿತ್ತಂದ್ರ ನಾ ಆ ಗಾಡಿ ಮುಟ್ಟಂಗಿಲ್ಲ ನೋಡು."

ತಿಕೋಟಾ ಮುಟ್ಟುವವರೆಗೆ ನಾನು ಇದನ್ನೇ ಮೆಲುಕು ಹಾಕಿದೆ. ಲಾರಿಗೆ ಬೇಕಾದ ಔಷಧಿ ನನ್ನ ಗಾಡಿಗೆ ಯಾಕೆ ಬೇಡ? ಬೋಲ್ಟು ಬೆಳ್ಳಗಾದ ಕೂಡಲೇ ಅವನ ಮುಖ ಯಾಕೆ ಕಪ್ಪಾಯಿತು? ಗಾಡಿ ಗುಣವಾಗುವುದು ಅವನಿಗೆ ಬೇಕಿಲ್ಲ, ರೋಗಿ ಎದ್ದು ಕುಳಿತರೆ ವೈದ್ಯನಿಗೆ ಗಿರಾಕಿ ಎಲ್ಲಿ ಎಂದು ಲೆಕ್ಕ ಕಟ್ಟಿಬಿಟ್ಟೆ. ಮರುದಿನ ಬಜಾರಿನಲ್ಲಿ ಆ ಟೋಪಿಯವನನ್ನು ಹುಡುಕಿ ಬಾಟಲಿ ತಂದು, ಅಂಗಿಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟೆ. ತಪ್ಪು ಮಾಡುತ್ತಿದ್ದೇನೆ ಎನಿಸಲಿಲ್ಲ. ಜಾಣನಾದೆ ಎನಿಸಿತ್ತು.

ಖಂಡೇಪೂಜೆಯ ದಿನ ಗಾಡಿ ತೊಳೆದು, ವಿಭೂತಿ ಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿದೆವು. ಅವ್ವ ಆ ಗಾಡಿಯನ್ನು ಮನೆಗೆ ಬಂದ ಸೊಸೆಯ ಹಾಗೆ ನೋಡಿಕೊಳ್ಳುತ್ತಿದ್ದಳು. ಮುಂದಿನ ಬಾನೆಟ್ಟಿನ ಮೇಲೆ ಕುಬಸದ ಖಣ ಹಾಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಇಟ್ಟು ಅದಕ್ಕೂ ಉಡಿ ತುಂಬಿದಳು. ನಾನು ಟಾಕಿಯ ಬಾಯಿ ತೆಗೆದು ಮುಚ್ಚಳದಲ್ಲಿ ಕೆಂಪು ನೀರು ಅಳೆಯುತ್ತಿದ್ದಾಗ ಬಂದು ನಿಂತಳು.

"ಏನೋ ಅದು?"

"ಗಾಡಿಗೆ ಔಷಧ ಬೇ. ಒಂದ ಮುಚ್ಚಳ ಹಾಕಬೇಕು."

"ಹಬ್ಬದ ದಿನಾ ಮುಚ್ಚಳಾ ಅಳಕೋತ ಕುಂತಿಯಲ್ಲೋ! ಉಡಿ ಯಾರರೆ ಅರ್ಧಾ ತುಂಬತಾರೇನು? ಕೊಡೂದಿದ್ರ ತುಂಬ ಕೊಡು."

ಅವ್ವನ ಮಾತು ಮೀರುವ ದಿನವಲ್ಲ ಅದು. ಅದೂ ಅಲ್ಲದೆ ಒಂದು ಮುಚ್ಚಳಕ್ಕೆ ಇಷ್ಟು ಗುಣವಾದರೆ ಇಡೀ ಬಾಟಲಿಗೆ ಎಷ್ಟಾಗಬೇಡ ಎಂಬ ಆಸೆಯೂ ನನಗಿತ್ತು. ಬಾಟಲಿ ಬೋರಲು ಹಾಕಿದೆ. ಅವ್ವ ಮೇಲೊಂದು ಅರಿಸಿನದ ಬೊಟ್ಟಿಟ್ಟಳು.

ಮರುದಿನ ಬನ್ನಿ. ನಮ್ಮ ಕಡೆ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಕಾಲು ಮುಟ್ಟಿ, ಬಂಗಾರದ ಹಾಗೆ ಇರೋಣ ಎಂದು ಹೇಳಿ ಬರುತ್ತೇವೆ. ವರ್ಷವಿಡೀ ಜಗಳಾಡಿದವರೂ ಅಂದು ಮಾತಾಡುತ್ತಾರೆ. ಸಂಜೆ ಮೇಸ್ತ್ರಿಯ ಕೈಗೆ ಬನ್ನಿ ಇಟ್ಟೆ. ಅವನು ಎಲೆ ತೆಗೆದುಕೊಂಡು ನನ್ನ ಕೈ ಬಿಡಲಿಲ್ಲ. ಮೂಗಿನ ಹತ್ತಿರ ಎಳೆದುಕೊಂಡ.

"ಈ ಬನ್ನಿ ವಾಸನಿ ಬ್ಯಾರೆ ಐತಲ್ಲೋ ಮಲ್ಲಪ್ಪ."

"ಸೀಮಿಎಣ್ಣಿಲೆ ಕೈ ತೊಳದಿದ್ನಿರಿ ಕಾಕಾ."

"ಹೌದಾ?" ಅಂದ. ನನ್ನ ಕಣ್ಣನ್ನೇ ನೋಡಿದ. "ಬಂಗಾರದಂಗ ಇರೂಣು" ಎಂದದ್ದು ಹಾರೈಸಿದ ಹಾಗಿರಲಿಲ್ಲ, ವಿಚಾರಣೆ ಮಾಡಿದ ಹಾಗಿತ್ತು.

ಆರು ದಿನ ಗಾಡಿ ಹಾರಿತು ಅನ್ನಬೇಕು. ಹೊಗೆ ಇಲ್ಲ, ಏದುಸಿರಿಲ್ಲ. ಬಬಲೇಶ್ವರದಿಂದ ವಿಜಾಪುರಕ್ಕೆ ಹಾಡುತ್ತ ಹೋಗುತ್ತಿದ್ದೆ, ಮೇಸ್ತ್ರಿಯನ್ನು ಮನಸ್ಸಿನಲ್ಲೇ ಬೈಯುತ್ತಲೂ ಇದ್ದೆ. ಎರಡು ವರ್ಷ ಈ ಸುಖ ನನಗೆ ತಪ್ಪಿಸಿದನಲ್ಲ ಎಂದು ಸಿಟ್ಟು ಬರುತ್ತಿತ್ತು.

ಏಳನೆಯ ದಿನ ಸಾರವಾಡ ದಾಟಿ ಒಂದು ಹರದಾರಿ ಹೋಗಿಲ್ಲ, ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹಿಂದೆ ತುಂಬಿದ ಮಾಲು, ಅದರ ಮೇಲೆ ಕುಳಿತ ನಾಲ್ಕು ಜನ ರೈತರು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ಬಿಸಿಲು ಬೆನ್ನಿಗೇರಿತು. ಮೆಂತೆ ಪಲ್ಲೆಯ ಗಂಟಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದ ಅಜ್ಜಿಯೊಬ್ಬಳು, "ಏ ಯಪ್ಪಾ, ನನ್ನ ಪಲ್ಲೆ ಬಾಡಿದ್ರ ನಿನ್ನ ಗಾಡಿ ತಿಂತೈತೇನು?" ಎಂದು ಕೇಳಿದಳು. ನಾನು ಮತ್ತೆ ಹ್ಯಾಂಡಲ್ ಹಿಡಿದೆ. ಕಡೆಗೆ ಒಂದು ಎತ್ತಿನ ಚಕ್ಕಡಿ ಸಿಕ್ಕಿ ಮಾಲೆಲ್ಲ ಅದರಲ್ಲಿ ಹೋಯಿತು. ಹೋಗುವಾಗ ಯಾರೂ ನಾಳೆ ಬಾ ಎಂದು ಹೇಳಲಿಲ್ಲ. ಇನ್ನೊಂದು ದಿನ ಹೀಗಾದರೆ ನನ್ನ ಕತೆ ಮುಗಿದಂತೆ. ಬಸ್ಸಿನ ಡ್ರೈವರನ ಕೈಯಲ್ಲಿ ಮೇಸ್ತ್ರಿಗೆ ಹೇಳಿ ಕಳಿಸಿದೆ. ಬರುತ್ತಾನೆಂಬ ನಂಬಿಕೆ ಅರ್ಧವೂ ಇರಲಿಲ್ಲ.

ತಿರುಗಿ ಬಂದ ಅದೇ ಬಸ್ಸಿನಿಂದ ಮೇಸ್ತ್ರಿ ಇಳಿದ. ಗಾಡಿಯ ಸುತ್ತ ಒಂದು ಸುತ್ತು ಬಂದು, ಟಾಕಿಯ ಬಾಯಿ ತೆಗೆದು, ಉಗುರು ಅದ್ದಿ ಮೂಸಿದ.

"ಮಲ್ಲಪ್ಪ, ಏನ್ ಹಾಕೀದಿ?"

"ಏನೂ ಇಲ್ರಿ ಕಾಕಾ. ಬರೇ ಡೀಜಲ್."

"ಇಂಜಿನ್ ಸುಳ್ಳ ಹೇಳೂದಿಲ್ಲೋ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ಅರ್ಧಕ್ಕೆ ನಿಂತ ಆ ಮಾತೇ ನನ್ನನ್ನು ಸೋಲಿಸಿತು. "ಬಾಟ್ಲಿ ಹಾಕಿನ್ರಿ. ಪೂರಾ" ಎಂದು ಒಪ್ಪಿಕೊಂಡೆ.

ಬೈಗುಳಕ್ಕೆ ಕಾದೆ. ಅವನು ಬೈಯಲಿಲ್ಲ. ಫಿಲ್ಟರು ಬಿಚ್ಚಿದ, ಅದರಲ್ಲಿ ಕಪ್ಪು ಅಂಟು, ಕೆಂಪು ತುಕ್ಕು. ಆಮೇಲೆ ರಸ್ತೆಯ ಮೇಲೆ ಅಂಗಾತ ಮಲಗಿ ಇಡೀ ಟಾಕಿಯನ್ನೇ ಬಿಚ್ಚಿ ಹೊರಗೆ ತಂದು, ಡೀಸೆಲ್ ಬಸಿದು, ನನ್ನ ಕೈಗೆ ಕೊಟ್ಟ. "ಬಿಸಲಿಗೆ ಹಿಡಿ. ಒಂದ ಕಣ್ಣ ಮುಚ್ಚಿ ಒಳಗ ನೋಡು."

ನೋಡಿದೆ. ಬೆಲ್ಲ ಕಾಸಿದ ಕೊಪ್ಪರಿಗೆಯ ತಳದ ಹಾಗೆ ಒಳಗೆಲ್ಲ ಹಕ್ಕಳೆ. ಅರ್ಧ ಎದ್ದು ಜೋತಾಡುತ್ತಿತ್ತು, ಅರ್ಧ ಇನ್ನೂ ಗಟ್ಟಿಯಾಗಿ ಹಿಡಿದಿತ್ತು.

"ಅದು ನಿನ್ನ ಬಾಟ್ಲಿ ಹೊಲಸಲ್ಲ. ಮಿಲ್ಟ್ರಿ ಕಾಲದ ಪೆಟ್ರೋಲಿಂದು. ನಾ ಟಾಕಿ ತೊಳದೇ ಇಲ್ಲ."

"ಸೋಡಾ ಹಾಕಿ ತೊಳದೇನಿ ಅಂದಿದ್ರೆಲ್ರಿ?"

"ಅಂದಿದ್ದೆ. ನೀ ಖಂಡೇಪೂಜಿ ಖಂಡೇಪೂಜಿ ಅಂತ ತಲಿ ಮ್ಯಾಲೆ ಕುಂತಿದ್ದಿ. ಹಬ್ಬ ಆಗ್ಲಿ, ಆಮ್ಯಾಲ ಬಿಚ್ಚಿ ತೊಳದ್ರಾತು ಅಂದ್ಕೊಂಡೆ. ಆಮ್ಯಾಲ ಬಿಚ್ಚಾಕ ಹೋದ್ರ ಯಾಕ ಅಂತ ನೀ ಕೇಳ್ತಿದ್ದಿ. ಹಿಂಗ ಎರಡ ವರ್ಷ ಆತು." ಅವನು ಪಾನಾವನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. "ಆ ಔಷಧ ಛಲೋದೋ ಕೆಟ್ಟದ್ದೋ, ದೇವರಾಣಿ ನನಗ ಗೊತ್ತಿಲ್ಲ. ಆ ಬೋಲ್ಟ ತೊಳದದ್ದ ನೋಡಿ ಜೀವ ಝಲ್ ಅಂತು. ಒಳಗಿಂದೆಲ್ಲಾ ಹೊರಗ ತರತೈತಿ ಅನ್ನೂದೊಂದ ಗೊತ್ತಾತು." ಪಾನಾ ಕೆಳಗಿಟ್ಟು, "ಇಂಜಿನ್ ಸುಳ್ಳ ಹೇಳೂದಿಲ್ಲ. ಮೇಸ್ತ್ರಿ ಹೇಳ್ತಾನ" ಅಂದ.

ನಾನೂ ಸುಳ್ಳು ಹೇಳಿದವನೇ. ಒಂದು ಗಳಿಗೆಯ ಹಿಂದೆ ಹೇಳಿದ ಸುಳ್ಳು ಇನ್ನೂ ಬಾಯಲ್ಲಿ ಬಿಸಿಯಾಗಿತ್ತು. ಆದರೂ ಸಿಟ್ಟು ಕಟ್ಟೆಯೊಡೆಯಿತು. ಎರಡು ವರ್ಷ ಪಂಪಿನವನನ್ನು ಬೈದು ನನ್ನನ್ನು ಕುರುಡನನ್ನಾಗಿ ಮಾಡಿದನಲ್ಲ! "ಊರ ಮಂದೀದೆಲ್ಲಾ ಮೂಸಿ ನೋಡ್ತೀರಿ. ನಿಮ್ಮನ್ನ ಯಾರ ಮೂಸಬೇಕ್ರಿ?" ಎಂದುಬಿಟ್ಟೆ. ಹಿರಿಯ ಮನುಷ್ಯನಿಗೆ ಹಾಗೆ ಅನ್ನಬಾರದಿತ್ತು. ಇಂದಿಗೂ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಅವನು ತಲೆಯ ಮೇಲೆ ಟಾಕಿ ಹೊತ್ತುಕೊಂಡು ಸಾರವಾಡದ ಕಡೆ ನಡೆದ. ಊರ ಹೊರಗಿನ ಒಂದು ಹೊಲದ ಮನೆಯ ಮುಂದೆ ಮೂರು ಕಲ್ಲು ಹೂಡಿ, ಹಂಡೆಯಲ್ಲಿ ನೀರು ಕಾಸಿ, ಸೋಡಾ ಬೆರೆಸಿ ಟಾಕಿಗೆ ಸುರಿದು, ಖಡಿ ಹಾಕಿ ಕುಲುಕಿದ. ಐವತ್ತು ದಾಟಿದ ಮನುಷ್ಯ, ಮೈಯೆಲ್ಲ ಬೆವರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಕಪ್ಪು ನೀರು, ಕಂದು ನೀರು, ಕಡೆಗೆ ಬಿಳಿ ನೀರು. ತನ್ನ ಧೋತರದ ಅಂಚನ್ನೇ ಒಳಗೆ ತುರುಕಿ ಒರೆಸಿ ನೋಡಿ, ಬಿಳಿಯಾಗಿಯೇ ಹೊರಬಂದ ಮೇಲೆ ಬಿಟ್ಟ. ಹೊತ್ತು ವಾಲಿದಾಗ ಇಂಜಿನ್ನು ಒಂದೇ ಸುತ್ತಿಗೆ ಹಿಡಿಯಿತು. ಗಾಡಿ ಹತ್ತಿರಿ ಎಂದರೆ, "ಬ್ಯಾಡೋ, ನಾ ಬಸ್ಸಿಗೆ ಹೋಗ್ತೇನಿ" ಅಂದ.

ಆಮೇಲೆ ಆ ಫಿಲ್ಟರು ತಿಂಗಳಿಗೊಮ್ಮೆ ಕಟ್ಟುವುದು ನಿಂತಿತು. ಬಬಲೇಶ್ವರದವರು ಒಬ್ಬೊಬ್ಬರಾಗಿ ಮರಳಿ ಬಂದರು, ಪಲ್ಲೆಯ ಅಜ್ಜಿ ಮಾತ್ರ ಎರಡು ತಿಂಗಳು ಸತಾಯಿಸಿದಳು. ನಾನು ಮೇಸ್ತ್ರಿಯ ಓಣಿಗೆ ಹೋಗಲಿಲ್ಲ. ಸಣ್ಣಪುಟ್ಟ ಕೆಲಸಕ್ಕೆ ಬೇರೆಯವನ ಹತ್ತಿರ ಹೋದೆ. ಅವನು ಯಾವುದನ್ನೂ ಮೂಸುತ್ತಿರಲಿಲ್ಲ. ಎಲ್ಲದಕ್ಕೂ ಹೌದು ಅನ್ನುತ್ತಿದ್ದ, ಅದಕ್ಕೇ ನನಗೆ ಅವನ ಮೇಲೆ ನಂಬಿಕೆ ಬರಲಿಲ್ಲ. ಸಿಟ್ಟು ಯಾವಾಗಲೋ ಇಳಿದಿತ್ತು. ಹೋಗಿ ಏನೆಂದು ಮಾತಾಡಲಿ ಎಂಬ ಸಂಕೋಚ ಮಾತ್ರ ಉಳಿದಿತ್ತು.

ಮುಂದಿನ ದಸರೆ ಬಂತು. ಬನ್ನಿಯ ಸಂಜೆ ನಾನು ಕಟ್ಟೆಯ ಮೇಲೆ ಕುಳಿತು ಹೋಗಲೋ ಬೇಡವೋ ಎನ್ನುತ್ತಿದ್ದಾಗ, ಬಸ್ಸು ಇಳಿದು ನಡೆದು ಬಂದ ಸಂಗಪ್ಪ ಮೇಸ್ತ್ರಿ ನಮ್ಮ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬನ್ನಿ. ಹಿರಿಯರು ಕಿರಿಯರ ಮನೆಗೆ ಬನ್ನಿ ತಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅವ್ವ ಗಾಬರಿಯಾಗಿ ಕಂಬಳಿ ಹಾಸಿದಳು. ನಾನು ಅವನ ಕಾಲು ಹಿಡಿಯಲು ಬಗ್ಗಿದರೆ ತಡೆದು ಕೈಯಲ್ಲಿ ಎಲೆ ಇಟ್ಟ.

"ಮೂಸಿ ನೋಡಪಾ" ಅಂದ. "ಆಮ್ಯಾಲ ತಗೋ."

ಮೂಸಿದೆ. ಕಣ್ಣು ತುಂಬಿ ಬಂದಿತ್ತು, ಏನೂ ವಾಸನೆ ಹತ್ತಲಿಲ್ಲ. "ಛಲೋ ಐತ್ರಿ ಕಾಕಾ. ಬೆರಸಿಲ್ಲ" ಅಂದೆ. ಅವನು ಹೋ ಎಂದು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚಹಾ ಕುಡಿದು, ಗಾಡಿಯ ಟಾಕಿಗೆ ಒಮ್ಮೆ ಉಗುರು ಅದ್ದಿ ನೋಡಿ ಹೊರಟ. ಅವನು ಒಳಗಿದ್ದಾಗಲೇ ಅವ್ವ ನನ್ನ ತೋಳು ಹಿಡಿದು ಹೊಸ್ತಿಲ ಆಚೆ ತೋರಿಸಿದ್ದಳು. "ನೋಡೋ, ಎರಡೂ ಒಂದ ಕಡೆ ಬಿಟ್ಟಾನ."

ಅದೇ ಚಳಿಗಾಲ, ಎಳ್ಳ ಅಮಾವಾಸ್ಯೆಗೆ ಇನ್ನೂ ವಾರವಿದ್ದಾಗ, ಮೇಸ್ತ್ರಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಲೇ ಕುಸಿದುಬಿದ್ದನಂತೆ. ನನಗೆ ಸುದ್ದಿ ಮುಟ್ಟಿ ಹೋಗುವಷ್ಟರಲ್ಲಿ ಮಣ್ಣು ಮಾಡುವುದೂ ಮುಗಿದಿತ್ತು. ಈಗ ನನಗೂ ವಯಸ್ಸಾಗಿದೆ. ಡೀಸೆಲ್ಲಿಗೆ ಅದು ಹಾಕಬೇಕೋ ಇದು ಹಾಕಬೇಕೋ ಎಂದು ಹುಡುಗರು ಬಂದು ಕೇಳುತ್ತಾರೆ. ಮೊದಲು ಟಾಕಿ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿರಪ್ಪ ಎನ್ನುತ್ತೇನೆ. ಮುದುಕ ಏನೋ ಮುಚ್ಚಿಡುತ್ತಿದ್ದಾನೆ ಎಂಬಂತೆ ಅವರು ನನ್ನನ್ನು ನೋಡುತ್ತಾರೆ.

ಸುದ್ದಿ ಕೇಳಿ ನಾನು ಹೋದ ಆ ದಿನ ಶೆಡ್ಡಿನ ಬಾಗಿಲಿಗೆ ಬೀಗ ಹಾಕಿತ್ತು. ಬಾಗಿಲಲ್ಲಿ ಒಂದೇ ಒಂದು ಕಾಲ್ಮರಿ ಬಿದ್ದಿತ್ತು, ಬಲಗಾಲಿನದು. ಎದುರಿನ ಹೋಟೆಲ್ಲಿನವನು, "ಇನ್ನೊಂದ ಎಲ್ಲೂ ಸಿಗಲಿಲ್ರಿ. ನಾಯಿ ಎಳಕೊಂಡು ಹೋಗಿರಬೇಕು" ಅಂದ. ನಾನು ಹುಣಸೆ ಮರದ ಆಚೆ ಬದಿಗೆ ಹೋಗಿ ನೋಡಿದೆ. ಅಲ್ಲಿತ್ತು. ತಂದು, ಧೂಳು ಒರೆಸಿ, ಇನ್ನೊಂದರ ಪಕ್ಕದಲ್ಲಿಟ್ಟೆ.